ತೆಳುಬಟ್ಟೆಯ ಒಳಹೊಲಿಗೆ

ದಪ್ಪ ಬಟ್ಟೆ ದಯಾಳು. ಸಿಂಪಿಗನ ಕೈ ಎಲ್ಲಿ ತಡವರಿಸಿತು, ಕತ್ತರಿ ಎಲ್ಲಿ ಓರೆಯಾಯಿತು, ಎಳೆ ಎಲ್ಲಿ ಬಿಚ್ಚಿಕೊಂಡಿತು ಎಂಬುದನ್ನೆಲ್ಲ ಅದು ತನ್ನ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ತೆಳುಬಟ್ಟೆಗೆ ಈ ಗುಣವಿಲ್ಲ. ವಾಯಿಲ್, ಆರ್ಗಂಡಿ, ಷಿಫಾನ್, ಜಾರ್ಜೆಟ್, ಆರ್ಗಾಂಜಾ ಮೊದಲಾದ ಪಾರದರ್ಶಕ ಬಟ್ಟೆಗಳಲ್ಲಿ ಒಳಗೆ ನಡೆದದ್ದೆಲ್ಲ ಹೊರಗೆ ಕಾಣುತ್ತದೆ. ಅಂದವಾದ ಬಣ್ಣ, ಒಪ್ಪುವ ಅಳತೆ, ಕುತ್ತಿಗೆಯ ಸುತ್ತ ನಯವಾದ ಕಸೂತಿ, ಎಲ್ಲವೂ ಇದ್ದರೂ ಭುಜದಿಂದ ಕಂಕುಳಿನವರೆಗೆ ಒಂದು ಅಂಕುಡೊಂಕು ನೆರಳುಪಟ್ಟಿ ಕಂಡಿತೆಂದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕೇವಲ ನೋಟದ ಮಾತಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಾಗಿತ್ತು. ಆದರೆ ಪ್ರಶ್ನೆ ಬಟ್ಟೆಯ ಆಯುಸ್ಸಿನದೂ ಹೌದು. ಮಗಳ ಹುಟ್ಟುಹಬ್ಬಕ್ಕೆಂದು ಬೆಲೆಕೊಟ್ಟು ತಂದ ಆರ್ಗಂಡಿಯ ಫ್ರಾಕು ಮೂರನೆಯ ಒಗೆತಕ್ಕೆ ಕಂಕುಳಲ್ಲಿ ಬಾಯಿ ಬಿಡುವುದು, ಮದುವೆಮನೆಗೆಂದು ಹೊಲಿಸಿದ ಜಾರ್ಜೆಟ್ ರವಿಕೆ ಬೆನ್ನಿನ ಬಳಿ ಎಳೆಯೆಳೆಯಾಗಿ ಜಾರಿ ಬರುವುದು ಬಹಳ ಮನೆಗಳಲ್ಲಿ ಕಂಡ ಅನುಭವ. ಅಂಗಡಿಯವನು ಕೆಟ್ಟ ಬಟ್ಟೆ ಕೊಟ್ಟನೆಂದು ಮನೆಯವರು ದೂರುತ್ತಾರೆ. ಎಷ್ಟೋ ಸಲ ಬಟ್ಟೆಯಲ್ಲಿ ದೋಷವಿರುವುದಿಲ್ಲ. ಆ ಬಟ್ಟೆಗೆ ತಕ್ಕ ಹೊಲಿಗೆ ಬಿದ್ದಿರುವುದಿಲ್ಲ, ಅಷ್ಟೆ.

ಎಳೆ ಬಿಡುವುದೇಕೆ?

ಯಾವ ನೇಯ್ಗೆಯೇ ಆಗಲಿ, ಹಾಸು ಮತ್ತು ಹೊಕ್ಕಿನ ಎಳೆಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದಲೇ ನಿಲ್ಲುತ್ತದೆ. ಖಾದಿಯಂತಹ ಬಟ್ಟೆಯಲ್ಲಿ ಎಳೆಗಳು ಒರಟು, ಒತ್ತೊತ್ತಾಗಿ ಕುಳಿತಿರುತ್ತವೆ. ಆದ್ದರಿಂದ ಕತ್ತರಿಸಿದ ಅಂಚು ಬೇಗನೆ ಸಡಿಲವಾಗದು. ತೆಳುಬಟ್ಟೆಯಲ್ಲಿ ಎಳೆಗಳು ನವಿರು, ಅವುಗಳ ನಡುವೆ ಬೆಳಕು ಹಾಯುವಷ್ಟು ಬಿಡುವು. ಒಂದು ಎಳೆ ಜಾರಲು ಹೊರಟರೆ ಪಕ್ಕದ ಎಳೆಗೆ ಅದನ್ನು ತಡೆಯುವ ಹಿಡಿತ ಸಾಲದು. ರೇಷ್ಮೆ, ನೈಲಾನ್, ಪಾಲಿಯೆಸ್ಟರ್ ಎಳೆಗಳಾದರೆ ನುಣುಪು ಬೇರೆ. ಜಾರುವುದು ಇನ್ನೂ ಸುಲಭ.

ತೆಳುಬಟ್ಟೆಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ವಾಯಿಲ್ ಎಂಬುದು ಮುಸುಕು ಎಂಬರ್ಥದ ಫ್ರೆಂಚ್ ಮಾತು. ಚೆನ್ನಾಗಿ ಹುರಿಗೊಳಿಸಿದ ಹತ್ತಿಯ ನೂಲಿನ ಈ ಬಟ್ಟೆ ಸೌಮ್ಯ ಸ್ವಭಾವದ್ದು, ಹೊಸಬರ ಕೈಗೂ ಒಗ್ಗುತ್ತದೆ. ಆರ್ಗಂಡಿಯೂ ಹತ್ತಿಯದೇ, ಆದರೆ ಗಂಧಕಾಮ್ಲದ ಸಂಸ್ಕಾರದಿಂದ ಅದಕ್ಕೆ ಗರಿಗರಿ ಬಂದಿರುತ್ತದೆ; ಹಾಕಿದ ಮಡಿಕೆಯನ್ನು ಅದು ಬಿಡದು, ತಪ್ಪಾಗಿ ಹಾಕಿದ ಮಡಿಕೆಯನ್ನೂ ಬಿಡದು. ಜಾರ್ಜೆಟ್ಟಿಗೆ ಆ ಹೆಸರು ಬಂದದ್ದು 20ನೆಯ ಶತಮಾನದ ಆರಂಭದಲ್ಲಿದ್ದ ಜಾರ್ಜೆಟ್ ದ ಲಾ ಪ್ಲಾಂಟ್ ಎಂಬ ಫ್ರೆಂಚ್ ಉಡುಪುಗಾರ್ತಿಯಿಂದ. ಅದರ ನೂಲಿಗೆ ಬಲವಾದ ಹುರಿ ಇರುವುದರಿಂದ ಬಟ್ಟೆ ಸ್ವಲ್ಪ ಸುಕ್ಕುಸುಕ್ಕಾಗಿ, ಪುಟಿಯುವಂತೆ ಇರುತ್ತದೆ. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯಿಂದ ಹೆಸರಾದ ಕ್ರೇಪ್ ಸೀರೆಗಳೂ ಇಂತಹ ಹುರಿನೂಲಿನವೇ. ಷಿಫಾನ್ ಇವೆಲ್ಲಕ್ಕಿಂತ ಚಂಚಲ. ಮೇಜಿನ ಮೇಲೆ ನೇರವಾಗಿ ಹರಡಿದ್ದೇವೆಂದು ತಿರುಗಿ ನೋಡುವಷ್ಟರಲ್ಲಿ ಅದು ಓರೆಯಾಗಿರುತ್ತದೆ.

ಹಳಬರು ಕಂಡುಕೊಂಡ ದಾರಿ

ಈ ಸಮಸ್ಯೆ ಹೊಸದಲ್ಲ. ಢಾಕಾದ ಮಸ್ಲಿನ್ನಿಗೆ ಹರಿಯುವ ನೀರು, ಸಂಜೆಯ ಇಬ್ಬನಿ ಎಂಬರ್ಥದ ಹೆಸರುಗಳಿದ್ದುವು. ಔರಂಗಜೇಬ ತನ್ನ ಮಗಳ ತೆಳು ಉಡುಪನ್ನು ಕಂಡು ಸಿಡುಕಿದಾಗ, ತಾನು ಏಳು ಪದರ ತೊಟ್ಟಿರುವುದಾಗಿ ಅವಳು ಉತ್ತರಿಸಿದಳೆಂಬ ಐತಿಹ್ಯ ಎಲ್ಲರೂ ಬಲ್ಲದ್ದೇ. ಅಂತಹ ಬಟ್ಟೆಯನ್ನು ಅಂಗಿಯಾಗಿಸಬೇಕಾದ ದರ್ಜಿಯ ಪಾಡು ಹೇಗಿದ್ದೀತೆಂಬುದನ್ನು ಮಾತ್ರ ಐತಿಹ್ಯ ಹೇಳುವುದಿಲ್ಲ.

ಅದಕ್ಕೆ ಉತ್ತರ ದೊರೆಯುವುದು ಲಖನೌದ ಚಿಕನ್ ಉಡುಪುಗಳಲ್ಲಿ. ಅಲ್ಲಿನ ಕುಶಲರು ತೆಳು ಮಸ್ಲಿನ್ನಿನ ಮೇಲೆ ಬಿಳಿಯ ನೂಲಿನಿಂದ ಹೂಬಳ್ಳಿ ಬಿಡಿಸಿದ್ದು ಜಗತ್ತಿಗೇ ತಿಳಿದಿದೆ. 2008ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಅದೇ ಉಡುಪುಗಳಲ್ಲಿ ದರಜ್ ಎಂಬ ಇನ್ನೊಂದು ಕೌಶಲವಿದೆ. ದರಜ್ ಎಂದರೆ ಎರಡು ತುಂಡುಗಳ ಕೂಡಿಕೆ. ಕೂಡಿಕೆ ಹೇಗೂ ಹೊರಗೆ ಕಾಣುವುದಾದರೆ ಅದನ್ನು ಮರೆಮಾಡಲು ಹೆಣಗುವುದೇಕೆ, ಅದನ್ನೇ ಅಲಂಕಾರವಾಗಿಸೋಣ ಎಂಬುದು ಅವರ ವಿಚಾರ. ಅಂಚನ್ನು ಮೀನಿನ ಸಾಲಿನಂತೆ ಕತ್ತರಿಸಿ, ಒಳಮಡಿಸಿ, ಕೈಯಿಂದ ಹೊಲಿದಾಗ ಆ ಎರಡು ಪದರದ ನೆರಳೇ ಒಂದು ಚಿತ್ತಾರವಾಗುತ್ತದೆ.

ಎಲಿಯಾಸ್ ಹೋ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಹೊಲಿಗೆಯ ವೇಗ ಹೆಚ್ಚಿತು. ಅನಂತರ ಅಂಚಿಗೆ ಸುತ್ತು ಹಾಕುವ ಓವರ್‌ಲಾಕ್ ಯಂತ್ರವೂ ಬಂದಿತು. ಇಂದಿನ ಸಿದ್ಧ ಉಡುಪುಗಳಲ್ಲಿ ಬಹುಪಾಲು ಈ ಯಂತ್ರದ ಕೆಲಸವೇ. ದಪ್ಪ ಬಟ್ಟೆಗೆ ಅದು ಯೋಗ್ಯವೂ ಹೌದು. ಆದರೆ ಷಿಫಾನಿನ ಒಳಗಿನಿಂದ ಆ ನೂಲಿನ ಏಣಿ ಸ್ಪಷ್ಟವಾಗಿ ಇಣುಕುತ್ತದೆ. ಬಟ್ಟೆಗಿಂತ ನೂಲೇ ಭಾರವಾಗಿ, ಕೂಡಿಕೆ ಹಗ್ಗದಂತೆ ಬಿಗಿದುಕೊಳ್ಳುವುದೂ ಉಂಟು.

ಹೊಲಿಯುವ ಮುನ್ನ

ತೆಳುಬಟ್ಟೆಯಲ್ಲಿ ಅರ್ಧ ಕೆಲಸ ಯಂತ್ರದ ಮುಂದೆ ಕೂಡುವುದಕ್ಕೆ ಮೊದಲೇ ಮುಗಿದಿರಬೇಕು. ಹತ್ತಿಯ ಬಟ್ಟೆಯಾದರೆ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಬಳಿಕವೇ ಕತ್ತರಿ ಹಾಕಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿ ಬಟ್ಟೆ ಕುಗ್ಗಿ, ನೂಲು ಕುಗ್ಗದೆ, ಹೊಲಿಗೆಯೆಲ್ಲ ಸುಕ್ಕುಗಟ್ಟುತ್ತದೆ. ಜಾರುವ ಬಟ್ಟೆಯ ಕೆಳಗೆ ತೆಳುಕಾಗದ ಹರಡಿ, ಬಟ್ಟೆಯನ್ನೂ ಕಾಗದವನ್ನೂ ಸೇರಿಸಿ ಕತ್ತರಿಸಿದರೆ ಅಂಚು ನೇರವಾಗಿ ಬರುತ್ತದೆ. ಗುಂಡುಸೂಜಿಗಳು ಸಣ್ಣವಿರಬೇಕು, ಅವನ್ನು ಹೊಲಿಗೆಗೆಂದು ಬಿಟ್ಟ ಅಂಚಿನೊಳಗೇ ಚುಚ್ಚಬೇಕು. ಬಟ್ಟೆಯ ನಡುವೆ ಚುಚ್ಚಿದ ತೂತು ಕೆಲವು ರೇಷ್ಮೆಗಳಲ್ಲಿ ಮಾಯುವುದೇ ಇಲ್ಲ.

ಯಂತ್ರದ ಸೂಜಿಯ ಕಡೆಗೆ ಬಹಳ ಮಂದಿ ಗಮನ ಕೊಡುವುದಿಲ್ಲ. ಮನೆಯ ಯಂತ್ರದಲ್ಲಿ ಸಾಮಾನ್ಯವಾಗಿ ಇರುವ 14 ಅಥವಾ 16ನೆಯ ನಂಬರಿನ ಸೂಜಿ ಷಿಫಾನಿಗೆ ಗಡಾರಿಯಿದ್ದಂತೆ. ಪೊಟ್ಟಣದ ಮೇಲೆ 65/9 ಎಂದೋ 75/11 ಎಂದೋ ಅಚ್ಚಾಗಿರುವ ಹೊಸ ಸೂಜಿ ಬೇಕು. ಮೊನೆ ಮೊಂಡಾದ ಸೂಜಿ ಎಳೆಯನ್ನು ಸರಿಸಿ ಹಾಯುವ ಬದಲು ಹಿಡಿದೆಳೆಯುತ್ತದೆ. ಬಟ್ಟೆಯ ಅಗಲಕ್ಕೂ ಒಂದು ಗೀರು ಬಿದ್ದುಹೋಗುತ್ತದೆ. ನೂಲೂ ಸಣ್ಣದಿರಲಿ. ಹೊಲಿಗೆಯ ಉದ್ದ ಎರಡು ಮಿಲಿಮೀಟರಿನಷ್ಟು, ಎಂದರೆ ಅಂಗುಲಕ್ಕೆ 12 ಅಥವಾ 13 ಹೊಲಿಗೆ ಬೀಳುವಂತಿರಲಿ.

ಹೊಲಿಗೆ ಆರಂಭವಾಗುವಾಗ ಬಟ್ಟೆಯ ಮೂಲೆ ಸೂಜಿಯೊಡನೆ ಯಂತ್ರದ ತೂತಿನೊಳಕ್ಕೆ ಸೆಳೆದುಹೋಗುವುದು ತೆಳುಬಟ್ಟೆಯ ದೊಡ್ಡ ಕಾಟ. ಮೇಲಿನ ನೂಲು, ಬಾಬಿನ್ನಿನ ನೂಲು ಎರಡರ ತುದಿಯನ್ನೂ ಹಿಂದಕ್ಕೆ ಹಿಡಿದುಕೊಂಡು ಮೊದಲ ನಾಲ್ಕೈದು ಹೊಲಿಗೆಗಳನ್ನು ಚಕ್ರವನ್ನು ಕೈಯಿಂದ ತಿರುಗಿಸಿ ಹಾಕಿದರೆ ಇದು ತಪ್ಪುತ್ತದೆ. ಅಂಚಿನ ಕೆಳಗೆ ಒಂದು ಚೂರು ತೆಳುಕಾಗದವಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯುವುದೂ ಒಳ್ಳೆಯ ಉಪಾಯ. ಕೊನೆಯಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡುವ ವಾಡಿಕೆಯನ್ನು ಇಲ್ಲಿ ಬಿಡಬೇಕು. ಆ ಗಂಟು ಹೊರಗೆ ಕಪ್ಪಗೆ ಕಾಣುತ್ತದೆ. ನೂಲಿನ ತುದಿಗಳನ್ನು ಕೈಯಿಂದಲೇ ಗಂಟು ಹಾಕುವುದು ಲೇಸು. ಇದೆಲ್ಲವನ್ನೂ ಮೊದಲು ಉಳಿಕೆ ಚೂರಿನ ಮೇಲೆ ನೋಡಿ, ಮೆಚ್ಚಿಗೆಯಾದ ಮೇಲೆ ಉಡುಪಿಗೆ ಕೈಹಾಕಬೇಕು.

ಫ್ರೆಂಚ್ ಹೊಲಿಗೆ

ತೆಳುಬಟ್ಟೆಗೆ ಹೇಳಿಮಾಡಿಸಿದ ಕೂಡಿಕೆಯೆಂದರೆ ಸಿಂಪಿಗರು ಫ್ರೆಂಚ್ ಸೀಮ್ ಎನ್ನುವ ಹೊಲಿಗೆ. ಇದರ ಗುಟ್ಟು ಸರಳ. ಎರಡು ಸಲ ಹೊಲಿದು, ಕತ್ತರಿಸಿದ ಹಸಿ ಅಂಚನ್ನು ಹೊಲಿಗೆಯ ಹೊಟ್ಟೆಯೊಳಗೇ ಮುಚ್ಚಿಬಿಡುವುದು.

ಹೊಲಿಗೆಗೆಂದು 5/8 ಅಂಗುಲ ಅಂಚು ಬಿಟ್ಟಿದೆಯೆಂದು ಭಾವಿಸೋಣ. ಸಾಮಾನ್ಯ ಹೊಲಿಗೆಯಲ್ಲಿ ಎರಡು ತುಂಡುಗಳ ಹೊರಮೈಗಳು ಒಂದಕ್ಕೊಂದು ತಾಗುವಂತೆ ಇಡುತ್ತಾರೆ. ಇಲ್ಲಿ ಮೊದಲು ಅದಕ್ಕೆ ವಿರುದ್ಧವಾಗಿ ಒಳಮೈಗಳು ತಾಗುವಂತೆ ಇಟ್ಟು, ಅಂಚಿನಿಂದ 3/8 ಅಂಗುಲ ದೂರದಲ್ಲಿ ಹೊಲಿಯಬೇಕು. ಹೊಸಬರು ಬೆಚ್ಚಿಬೀಳುವುದು ಇಲ್ಲಿಯೇ. ಉಡುಪು ತಿರುವುಮುರುವಾಯಿತೆಂದು ತೋರುತ್ತದೆ. ಗಾಬರಿಗೆ ಕಾರಣವಿಲ್ಲ. ಹೊಲಿಗೆಯಾಚೆಯ ಅಂಚನ್ನು 1/8 ಅಂಗುಲ ಮಾತ್ರ ಉಳಿಯುವಂತೆ ಸಮನಾಗಿ ಕತ್ತರಿಸಬೇಕು. ಬಳಿಕ ಕೂಡಿಕೆಯನ್ನು ಬಿಡಿಸಿ ಇಸ್ತ್ರಿ ಒತ್ತಿ, ಬಟ್ಟೆಯನ್ನು ಮಗುಚಿ, ಈಗ ಹೊರಮೈಗಳು ಒಂದಕ್ಕೊಂದು ತಾಗುವಂತೆ ಸರಿಯಾಗಿ ಹೊಲಿಗೆಯ ಗೆರೆಯ ಮೇಲೆಯೇ ಮಡಿಸಿ ಮತ್ತೆ ಇಸ್ತ್ರಿ ಒತ್ತಬೇಕು. ಆ ಮಡಿಕೆಯಿಂದ ಕಾಲು ಅಂಗುಲ ದೂರದಲ್ಲಿ ಎರಡನೆಯ ಹೊಲಿಗೆ. 3/8 ಮತ್ತು 1/4 ಸೇರಿ 5/8 ಆಯಿತು, ಅಳತೆಯಲ್ಲಿ ವ್ಯತ್ಯಾಸವಿಲ್ಲ. ಹೊರಗಿನಿಂದ ನೋಡಿದರೆ ಒಂದೇ ಗೆರೆ, ಒಳಗಿನಿಂದ ನೋಡಿದರೆ ಕಾಲು ಅಂಗುಲದ ನೀಟಾದ ಪಟ್ಟಿ. ಎಲ್ಲಿಯೂ ಒಂದು ಹಸಿ ಎಳೆಯ ಸುಳಿವಿಲ್ಲ.

ಈ ಹೊಲಿಗೆಯಲ್ಲಿ ಆಗುವ ತಪ್ಪು ಮುಖ್ಯವಾಗಿ ಒಂದೇ. ಮೊದಲ ಹೊಲಿಗೆಯ ಆಚೆಗಿನ ಅಂಚನ್ನು ಕತ್ತರಿಸುವಾಗ ಜಿಪುಣತನ ತೋರಿ ಅಗಲವಾಗಿ ಬಿಟ್ಟರೆ, ಎರಡನೆಯ ಹೊಲಿಗೆ ಅದನ್ನು ಪೂರ್ತಿಯಾಗಿ ನುಂಗಲಾರದು. ಆಗ ಹೊರಮೈಯಲ್ಲಿ ಎಳೆಗಳು ಕುರುಚಲು ಗಡ್ಡದಂತೆ ಚಾಚಿಕೊಳ್ಳುತ್ತವೆ. ಹಾಗೆಂದು ಹೊಲಿಗೆಗೆ ತಾಗುವಷ್ಟು ಹತ್ತಿರಕ್ಕೆ ಕತ್ತರಿಸಿದರೆ ಎಳೆಗಳು ಹೊಲಿಗೆಯಿಂದಲೇ ಕಳಚಿಕೊಂಡಾವು. 1/8 ಅಂಗುಲ ಎಂಬುದು ಈ ಎರಡರ ನಡುವಣ ಹದ.

ಬಾಗಿದ ಕಡೆ ಬೇರೆ ಉಪಾಯ

ಭುಜ, ಪಕ್ಕ, ತೋಳಿನ ಉದ್ದ ಮೊದಲಾದ ನೇರ ಕೂಡಿಕೆಗಳಿಗೆ ಫ್ರೆಂಚ್ ಹೊಲಿಗೆ ಒಪ್ಪುತ್ತದೆ. ಕಂಕುಳಿನಂತಹ ಬಾಗಿದ ಕಡೆ ಅದು ಸ್ವಲ್ಪ ಮೊಂಡು. ಎರಡು ಸಲ ಮಡಿಸಿದ ಪಟ್ಟಿ ಬಳುಕದೆ ಬಟ್ಟೆಯನ್ನು ಎಳೆದು ಹಿಡಿಯುತ್ತದೆ. ಅಲ್ಲಿಗೆ ಮೂರು ಬೇರೆ ದಾರಿಗಳಿವೆ.

ಮೊದಲನೆಯದು ಹುಸಿ ಫ್ರೆಂಚ್ ಹೊಲಿಗೆ. ಎಂದಿನಂತೆ ಹೊರಮೈಗಳನ್ನು ಸೇರಿಸಿ ಒಂದೇ ಸಲ ಹೊಲಿದು, ಎರಡೂ ಅಂಚುಗಳನ್ನು ಅರ್ಧ ಅಂಗುಲಕ್ಕೆ ಕತ್ತರಿಸಿ, ಪ್ರತಿಯೊಂದನ್ನೂ ಒಳಮುಖವಾಗಿ ಕಾಲು ಅಂಗುಲ ಮಡಿಸಿ, ಎದುರುಬದುರಾದ ಆ ಎರಡು ಮಡಿಕೆಗಳನ್ನು ಒಟ್ಟಿಗೆ ಸೇರಿಸಿ ಹೊಲಿಯುವುದು. ಎರಡನೆಯದು ಜೋಡುಗೆರೆ. ಹೊಲಿಗೆಯ ಗೆರೆಯಿಂದ 1/8 ಅಂಗುಲ ಆಚೆಗೆ, ಅಂಚಿನ ಕಡೆಗೆ, ಇನ್ನೊಂದು ಸಣ್ಣ ಹೊಲಿಗೆ ಹಾಕಿ ಅದರ ಪಕ್ಕದಲ್ಲಿಯೇ ಕತ್ತರಿಸಿಬಿಡುವುದು. ಇದು ಬೇಗನೆ ಆಗುವ ಕೆಲಸ; ಷಿಫಾನ್‌ನಲ್ಲಿ ನೆರಳೂ ಕಡಮೆ. ಮೂರನೆಯದು ಓರೆಪಟ್ಟಿ. ಅದೇ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ, ಒಂದು ಅಂಗುಲ ಅಗಲಕ್ಕೆ ಕತ್ತರಿಸಿದ ಪಟ್ಟಿಯಿಂದ ಅಂಚನ್ನು ಸುತ್ತಿ ಹೊಲಿಯುವುದು. ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುವುದರಿಂದ ಬಾಗಿದ ಕಡೆ ಸಲೀಸಾಗಿ ಕೂಡುತ್ತದೆ. ಕುತ್ತಿಗೆಗೂ ಇದೇ ಉತ್ತಮ.

ಕಾಲರಿನ ಅಂಚು ಎರಡು ಪದರಗಳ ನಡುವೆ ಅಡಗಿದ್ದರೂ ಆರ್ಗಂಡಿಯಲ್ಲಿ ಅದು ಕಾಣದೆ ಇರದು. ಆದ್ದರಿಂದ ಅದನ್ನು ಕೂಡ 1/8 ಅಂಗುಲಕ್ಕೆ, ಒಂದೇ ಸಮನಾಗಿ ಕತ್ತರಿಸಿರಬೇಕು. ಸಮನಾದ ನೆರಳು ಕಣ್ಣಿಗೆ ಅಂಚಿನ ಗೆರೆಯಂತೆ ತೋರುತ್ತದೆ. ಹೆಚ್ಚುಕಡಮೆಯಾದ ನೆರಳು ಮಾತ್ರ ಕೊಳೆಯಂತೆ ತೋರುತ್ತದೆ.

ಗಂಡಸರ ತೆಳು ಜುಬ್ಬಗಳಿಗೆ ಚಪ್ಪಟೆ ಹೊಲಿಗೆ ಹೆಚ್ಚು ಬಾಳುತ್ತದೆ. ಒಂದು ಬದಿಯ ಅಂಚನ್ನು ಕಿರಿದು ಮಾಡಿ, ಇನ್ನೊಂದು ಬದಿಯ ಅಂಚನ್ನು ಅದರ ಮೇಲೆ ಮಡಿಸಿ ಮುಚ್ಚಿ, ಬಟ್ಟೆಯ ಮೈಗೇ ಹೊಲಿದುಬಿಡುವುದು ಇದರ ಕ್ರಮ. ಗೆರೆ ಹೊರಗೆ ಕಾಣುವುದಾದರೂ ದಿನದಿನವೂ ಒಗೆಯುವ ಬಟ್ಟೆಗೆ ಇದರಷ್ಟು ಗಟ್ಟಿ ಬೇರೊಂದಿಲ್ಲ.

ಬಿಡಿಸಲು ಬಟ್ಟೆ ಎಲ್ಲಿ?

ಇಷ್ಟನ್ನು ಕೇಳಿದ ಅನುಭವಿ ಗೃಹಿಣಿ ಒಂದು ಆಕ್ಷೇಪವನ್ನು ಎತ್ತದಿರಳು; ಅದು ನ್ಯಾಯವಾದದ್ದೇ. ನಮ್ಮ ಮನೆಗಳಲ್ಲಿ ರವಿಕೆಯ ಪಕ್ಕಗಳಲ್ಲಿ ಒಂದೆರಡು ಅಂಗುಲ ಬಟ್ಟೆ ಬಿಡಿಸುವುದು ಪದ್ಧತಿ. ಮೈ ತುಂಬಿಕೊಂಡಾಗ ಒಂದು ಹೊಲಿಗೆ ಬಿಚ್ಚಿದರೆ ರವಿಕೆ ಮತ್ತೆ ಹೊಸದು. ಬಾಣಂತನದ ಬಳಿಕ, ವಯಸ್ಸಾದ ಬಳಿಕ, ತಾಯಿಯ ರವಿಕೆ ಮಗಳಿಗೆ ಬಂದಾಗ, ಈ ಬಿಟ್ಟ ಬಟ್ಟೆ ಉಳಿಸುವ ಹಣ ಸಣ್ಣದಲ್ಲ. ಅಂಚನ್ನೆಲ್ಲ ಕತ್ತರಿಸಿ ಎಸೆಯುವ ಫ್ರೆಂಚ್ ಹೊಲಿಗೆ ಈ ಉಳಿತಾಯಕ್ಕೆ ಕೊಡಲಿಯೇಟಲ್ಲವೆ?

ಹೌದು, ಆದ್ದರಿಂದಲೇ ಎಲ್ಲ ಕಡೆಯೂ ಒಂದೇ ಹೊಲಿಗೆಯನ್ನು ಹಟಕ್ಕೆ ಬಿದ್ದು ಹಾಕಬಾರದು. ರವಿಕೆಯ ಮೈಗೆ ಅದೇ ಬಣ್ಣದ ತೆಳು ಹತ್ತಿಯ ಅಸ್ತರು ಕೊಟ್ಟರೆ ಬಿಟ್ಟ ಬಟ್ಟೆ ಕಾಣದಂತೆ ಅದರ ಹಿಂದೆ ಅಡಗುತ್ತದೆ, ಎಳೆತವನ್ನೂ ಅಸ್ತರೇ ಹೊರುತ್ತದೆ. ಅಸ್ತರಿಲ್ಲದ ತೋಳುಗಳಿಗೆ ಮಾತ್ರ ಫ್ರೆಂಚ್ ಹೊಲಿಗೆ ಸಾಕು. ತೋಳನ್ನು ಮೊದಲೇ ಕೊಂಚ ಸಡಿಲವಾಗಿ ಕತ್ತರಿಸಿದ್ದರೆ ಮುಂದೆ ಬಿಚ್ಚುವ ಪ್ರಸಂಗವೂ ಬಾರದು.

ಬೆಳೆಯುವ ಮಕ್ಕಳ ಉಡುಪಿಗೆ ಹಿಂದಿನವರು ಇನ್ನೂ ಸೊಗಸಾದ ಪರಿಹಾರ ಕಂಡುಕೊಂಡಿದ್ದರು. ಆರ್ಗಂಡಿ ಫ್ರಾಕಿನ ಕೆಳ ಅಂಚಿನ ಮೇಲೆ ಒಂದರ ಮೇಲೊಂದರಂತೆ ಮೂರು ನಾಲ್ಕು ಅಡ್ಡ ಮಡಿಕೆಗಳನ್ನು ಹೊಲಿಯುವುದು. ಪಾರದರ್ಶಕ ಬಟ್ಟೆಯಲ್ಲಿ ಮಡಿಕೆ ಬಿದ್ದ ಕಡೆ ಬಿಳುಪು ಗಾಢವಾಗಿ, ಹೊಲಿಗೆಯೇ ಪಟ್ಟೆಯಂತೆ ಶೋಭಿಸುತ್ತದೆ. ಮಗು ಒಂದು ವರ್ಷ ಎತ್ತರ ಬೆಳೆದಾಗ ಒಂದು ಮಡಿಕೆ ಬಿಚ್ಚಿದರೆ ಆಯಿತು. ಅಂದವೂ ಇದೆ, ಮುಂದಾಲೋಚನೆಯೂ ಇದೆ.

ಕೆಳ ಅಂಚು

ತೆಳುಬಟ್ಟೆಯ ಕೆಳ ಅಂಚು ಒಂದೋ ತೀರ ಕಿರಿದಾಗಿರಬೇಕು, ಇಲ್ಲವೇ ಗಾಂಭೀರ್ಯ ತೋರುವಷ್ಟು ಅಗಲವಾಗಿರಬೇಕು, ನಡುವಣದು ಶೋಭಿಸದು. ದುಪಟ್ಟ, ಸೀರೆಯ ಸೆರಗು, ಷಿಫಾನಿನ ಲಂಗ ಮುಂತಾದುವಕ್ಕೆ ಸುರುಳಿ ಅಂಚೇ ಸರಿ. ಅಂಚಿನಿಂದ 1/8 ಅಂಗುಲದಲ್ಲಿ ಒಂದು ಗೆರೆ ಹೊಲಿದು, ಅದರ ಆಚೆಗಿನದನ್ನು ಹತ್ತಿರಕ್ಕೆ ಕತ್ತರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಬತ್ತಿ ಹೊಸೆಯುವಂತೆ ಸುರುಳಿ ಸುತ್ತುತ್ತ, ಬಟ್ಟೆಯ ಒಂದೆರಡು ಎಳೆಗಳನ್ನು ಮಾತ್ರ ಸೂಜಿಯಲ್ಲಿ ಎತ್ತಿಕೊಂಡು ಕೈಯಿಂದ ಹೊಲಿಯಬೇಕು. ದೇವರ ಮುಂದಿನ ಬತ್ತಿ ಹೊಸೆದು ರೂಢಿಯಾದ ಬೆರಳುಗಳಿಗೆ ಇದು ಬೇಗ ಒಗ್ಗುತ್ತದೆ.

ವೃತ್ತಾಕಾರದ ಲಂಗವಾದರೆ ಅಂಚು ಹೊಲಿಯುವುದಕ್ಕೆ ಮುಂಚೆ ಒಂದು ದಿನವಾದರೂ ಅದನ್ನು ತೂಗುಹಾಕಿರಬೇಕು. ಓರೆಯಾಗಿ ಬಿದ್ದ ಭಾಗ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಆ ಮೇಲೆ ಅಳೆದು, ಸಮನಾಗಿ ಕತ್ತರಿಸಿ ಹೊಲಿದರೆ ಉಟ್ಟಾಗ ಒಂದು ಕಡೆ ಇಳಿದು ಒಂದು ಕಡೆ ಏರಿದಂತೆ ಕಾಣದು.

ಇಸ್ತ್ರಿಯ ವಿಷಯದಲ್ಲಿಯೂ ಒಂದು ಮಾತು. ತೆಳುಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡಬಾರದು. ಇಟ್ಟು ಒತ್ತಿ ಎತ್ತಬೇಕು. ನೈಲಾನ್, ಪಾಲಿಯೆಸ್ಟರ್‌ಗಳು ಹೆಚ್ಚು ಕಾವಿಗೆ ಕರಗುವ ವಸ್ತುಗಳು. ಚೂರಿನ ಮೇಲೆ ಕಾವನ್ನು ಪರೀಕ್ಷಿಸಿ, ನಡುವೆ ಒಂದು ಹತ್ತಿಯ ಬಟ್ಟೆಯಿಟ್ಟು ಒತ್ತುವುದು ಕ್ಷೇಮ.

ಹೊಲಿಸುವವರಿಗೂ ತಿಳಿದಿರಲಿ

ಎಲ್ಲರೂ ತಾವೇ ಹೊಲಿಯುವುದಿಲ್ಲ. ಆದರೆ ಹೊಲಿಸುವವರಿಗೂ ಇಷ್ಟು ತಿಳಿವಳಿಕೆ ಅಗತ್ಯ. "ಮಾಸ್ತರೇ, ಇದಕ್ಕೆ ಓವರ್‌ಲಾಕ್ ಬೇಡಿ, ಪಕ್ಕಕ್ಕೂ ತೋಳಿಗೂ ಫ್ರೆಂಚ್ ಸೀಮ್ ಹಾಕಿಕೊಡಿ" ಎಂದು ಬಟ್ಟೆ ಕೊಡುವಾಗಲೇ ಹೇಳಿದರೆ ಬಲ್ಲ ಸಿಂಪಿಗನಿಗೆ ಸಂತೋಷವೇ ಆಗುತ್ತದೆ. "ಆಗಲಿ ಅಮ್ಮಾ, ಎರಡು ದಿನ ಹೆಚ್ಚು ಹಿಡಿಯುತ್ತದೆ" ಎಂದು ಅವನು ಹೇಳಿದರೆ ಅದರಲ್ಲಿ ಅನ್ಯಾಯವಿಲ್ಲ. ಪ್ರತಿಯೊಂದು ಕೂಡಿಕೆಯನ್ನೂ ಎರಡು ಬಾರಿ ಹೊಲಿಯಬೇಕು, ನಡುವೆ ಕತ್ತರಿಸಬೇಕು, ಎರಡು ಬಾರಿ ಇಸ್ತ್ರಿ ಒತ್ತಬೇಕು. ಕೂಲಿ ಕೊಂಚ ಹೆಚ್ಚು ಕೇಳಿದರೂ ಚೌಕಾಸಿ ಮಾಡದೆ ಕೊಡುವುದು ಧರ್ಮ. ಅವನ ಎರಡು ಗಂಟೆಗಳ ದುಡಿಮೆ ಉಡುಪಿನ ಆಯುಸ್ಸಿಗೆ ವರ್ಷಗಳನ್ನು ಕೂಡಿಸುತ್ತದೆ.

ಸಿದ್ಧ ಉಡುಪು ಕೊಳ್ಳುವಾಗ ಹೊರಗಿನ ಬೆಡಗನ್ನು ನೋಡಿದ ಮೇಲೆ ಒಮ್ಮೆ ಒಳಮೈ ತಿರುವಿ ನೋಡುವ ಅಭ್ಯಾಸವೂ ಒಳ್ಳೆಯದು. ಕಂಕುಳು, ಭುಜ, ಪಕ್ಕ, ಈ ಮೂರು ಕಡೆ ಬೆರಳಾಡಿಸಿದರೆ ಹೊಲಿದವರು ಗಡಿಬಿಡಿಯಲ್ಲಿದ್ದರೋ ಗಮನವಿಟ್ಟಿದ್ದರೋ ಎಂಬುದು ತಿಳಿದುಹೋಗುತ್ತದೆ.

ಹೊಸದಾಗಿ ಕಲಿಯುವವರು ಮೊದಲೇ ಷಿಫಾನಿಗೆ ಕೈಹಾಕಿ ಬೇಸರಪಡುವುದು ಬೇಡ. ಮನೆಯಲ್ಲಿರುವ ಹಳೆಯ ವಾಯಿಲ್ ಸೀರೆಯ, ಇನ್ನೂ ಗಟ್ಟಿಯಾಗಿರುವ ಸೆರಗಿನ ಭಾಗವನ್ನು ಆರಿಸಿಕೊಂಡು ಒಂದು ಕೂಸಿನ ಅಂಗಿಯನ್ನು ಹೊಲಿಯಲಿ. ಒಗೆದೊಗೆದು ಮೆತ್ತಗಾದ ಆ ಬಟ್ಟೆ ಕೈಗೆ ವಿಧೇಯ, ಕೆಟ್ಟರೂ ನಷ್ಟವಿಲ್ಲ. ಕೂಸಿನ ಮೈಯಷ್ಟು ಕಟ್ಟುನಿಟ್ಟಾದ ಪರೀಕ್ಷಕರೂ ಬೇರೆ ಇಲ್ಲ. ಒಳಗಿನ ಒಂದು ಒರಟು ಅಂಚನ್ನೂ ಅದು ಸಹಿಸದು, ಕೆಂಪಾಗಿ ತೋರಿಸಿಬಿಡುತ್ತದೆ. ಅಂಗಿ ತೊಟ್ಟ ಕೂಸು ಅಳದೆ ನಿದ್ರಿಸಿತೆಂದರೆ ಫ್ರೆಂಚ್ ಹೊಲಿಗೆ ಕೈಗೆ ಬಂದಿತೆಂದೇ ಅರ್ಥ.